ಬೇಸ್‌ಬಾಲ್ ಈ ಸಲ ಒಳಗೋ ಹೊರಗೋ? ನೀವೇ ಲೆಕ್ಕ ಹಾಕುವುದು ಹೀಗೆ

ನಾನು ಕಾಲೇಜು ದಿನಗಳಲ್ಲಿ ಸಾಫ್ಟ್‌ಬಾಲ್ (ಬೇಸ್‌ಬಾಲ್‌ನ ತಂಗಿ ಆಟ, ಒಲಿಂಪಿಕ್ಸ್‌ನಲ್ಲಿ ಹೆಂಗಸರದು) ಆಡಿದವಳು, ಕ್ಯಾಚರ್ ಆಗಿದ್ದೆ, ಅಂದರೆ ಬ್ಯಾಟ್ ಮಾಡುವವರ ಹಿಂದೆ ಕುಳಿತು ಚೆಂಡು ಹಿಡಿಯುವವಳು. ಈಗ ಮಕ್ಕಳಿಗೆ ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡನ್ನೂ ಕಲಿಸುತ್ತೇನೆ. ಒಲಿಂಪಿಕ್ಸ್ ಹತ್ತಿರ ಬಂತೆಂದರೆ ಒಂದು ಪ್ರಶ್ನೆ ತಪ್ಪಿದ್ದಲ್ಲ: "ಮೇಡಂ, ಈ ಸಲ ನಮ್ಮ ಆಟ ಇದೆಯಾ?" ಇದೆ ಅಂದರೆ ಖುಷಿ. ಇಲ್ಲ ಅಂದರೆ ಮರುಕ್ಷಣವೇ "ಯಾಕೆ?" ಆ "ಯಾಕೆ"ಗೆ ತುಂಬಾ ವರ್ಷ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಓದಿ, ಕೇಳಿ, ಲೆಕ್ಕ ಹಾಕಿ ಒಂದು ದಾರಿ ಕಂಡುಕೊಂಡಿದ್ದೇನೆ. ಯಾವುದೇ ದೊಡ್ಡ ಕ್ರೀಡಾಕೂಟ ತೆಗೆದುಕೊಳ್ಳಿ, ಅದರಲ್ಲಿ ಬೇಸ್‌ಬಾಲ್ ಯಾಕಿದೆ ಅಥವಾ ಯಾಕಿಲ್ಲ ಅಂತ ನೀವೇ ಕಾಲು ಗಂಟೆಯಲ್ಲಿ ಹೇಳಬಹುದು. ಒಂದು ಹಾಳೆ, ಒಂದು ಪೆನ್ನು ಸಾಕು.

ಹಾಳೆಯ ಮೇಲೆ ಮೊದಲು ಇದನ್ನು ಬರೆದುಕೊಳ್ಳಿ. 1992ರ ಬಾರ್ಸಿಲೋನಾದಿಂದ 2008ರ ಬೀಜಿಂಗ್‌ವರೆಗೆ ಐದು ಒಲಿಂಪಿಕ್ಸ್: ಒಳಗೆ. 2012 ಲಂಡನ್, 2016 ರಿಯೊ: ಹೊರಗೆ. ಟೋಕಿಯೊ 2020, ಅಂದರೆ 2021ರಲ್ಲಿ ನಡೆದದ್ದು: ಒಳಗೆ. 2024 ಪ್ಯಾರಿಸ್: ಹೊರಗೆ. 2028 ಲಾಸ್ ಏಂಜಲೀಸ್: ಒಳಗೆ. ಹೀಗೆ ಹೋಗಿ ಬಂದು ಮಾಡುವ ಆಟ ಇನ್ನೊಂದು ಸಿಗುವುದು ಕಷ್ಟ.

ಇನ್ನು ಒಂದು ಉತ್ತರವನ್ನು ಪಕ್ಕಕ್ಕಿಡಿ. "ಅದು ಅಮೆರಿಕದವರ ಆಟ, ಬೇರೆ ಯಾರು ಆಡ್ತಾರೆ?" ಅನ್ನುವ ಉತ್ತರ. 1992ರಿಂದ 2008ರವರೆಗಿನ ಐದೂ ಫೈನಲ್‌ಗಳಲ್ಲಿ ಆಡಿದ ದೇಶ ಕ್ಯೂಬಾ. ಮೂರು ಚಿನ್ನ, ಎರಡು ಬೆಳ್ಳಿ. ಅಮೆರಿಕಕ್ಕೆ ಇಲ್ಲಿಯವರೆಗೆ ಬಂದಿರುವುದು ಒಂದೇ ಚಿನ್ನ, 2000ರ ಸಿಡ್ನಿಯಲ್ಲಿ. 2004ರ ಅಥೆನ್ಸ್‌ಗೆ ಅಮೆರಿಕ ಅರ್ಹತೆಯನ್ನೇ ಪಡೆಯಲಿಲ್ಲ, ಮೆಕ್ಸಿಕೊ ಎದುರು ಸೋತು ಮನೆಯಲ್ಲೇ ಉಳಿಯಿತು. ಕೊರಿಯ, ಜಪಾನ್, ತೈವಾನ್, ಆಸ್ಟ್ರೇಲಿಯಾ, ಡೊಮಿನಿಕನ್ ರಿಪಬ್ಲಿಕ್ ಎಲ್ಲವೂ ಪದಕ ಗೆದ್ದಿವೆ. ಹಾಗಂತ ಈ ಮಾತಿನಲ್ಲಿ ಸತ್ಯವೇ ಇಲ್ಲ ಅನ್ನಲಾರೆ. ಯುರೋಪಿಗೆ ಒಲಿಂಪಿಕ್ ಬೇಸ್‌ಬಾಲ್‌ನಲ್ಲಿ ಒಂದೂ ಪದಕವಿಲ್ಲ, ಆಫ್ರಿಕಕ್ಕೂ ಇಲ್ಲ. ಅದು ಎಲ್ಲಿ ಪೆಟ್ಟು ಕೊಡುತ್ತದೆ ಅಂತ ಮುಂದೆ ನೋಡೋಣ.

ಮೊದಲ ಪ್ರಶ್ನೆ: ಆತಿಥೇಯರು ಯಾರು?

ಬೇರೆ ಏನು ಕೇಳದಿದ್ದರೂ ಇದನ್ನು ಕೇಳಿ. 2014ರ ಡಿಸೆಂಬರ್‌ನಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಂದು ಬದಲಾವಣೆ ತಂದಿತು. ಅದರ ಪ್ರಕಾರ ಕೂಟ ನಡೆಸುವ ನಗರ ತನಗೆ ಬೇಕಾದ ಕೆಲವು ಆಟಗಳನ್ನು ಆ ಒಂದು ಕೂಟಕ್ಕೆ ಸೇರಿಸಿ ಅಂತ ಕೇಳಬಹುದು. ಟೋಕಿಯೊ ಕೇಳಿತು, ಬೇಸ್‌ಬಾಲ್ ಬಂತು. ಪ್ಯಾರಿಸ್‌ಗೂ ಅದೇ ಅವಕಾಶವಿತ್ತು. ಅವರು ಸ್ಕೇಟ್‌ಬೋರ್ಡಿಂಗ್, ಸರ್ಫಿಂಗ್, ಗೋಡೆ ಹತ್ತುವ ಕ್ಲೈಂಬಿಂಗ್ ಮತ್ತು ಬ್ರೇಕಿಂಗ್ ನೃತ್ಯವನ್ನು ಆರಿಸಿಕೊಂಡರು. ಲಾಸ್ ಏಂಜಲೀಸ್ ಕೇಳಿತು, 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ನಡೆದ ಸಭೆಯಲ್ಲಿ ಒಪ್ಪಿಗೆ ಸಿಕ್ಕಿತು. ಕ್ರಿಕೆಟ್ ಒಳಗೆ ಬಂದದ್ದೂ ಅದೇ ಪಟ್ಟಿಯಲ್ಲಿ.

ಅಂದರೆ ಈಗ ಬೇಸ್‌ಬಾಲ್ ಕಾಯಂ ಸದಸ್ಯ ಅಲ್ಲ, ಕರೆದರೆ ಬರುವ ಅತಿಥಿ. ಕರೆಯುವ ಮನೆಯವರಿಗೆ ಆ ಆಟ ಇಷ್ಟವಿದೆಯಾ, ಟಿಕೆಟ್ ಮಾರಾಟವಾಗುತ್ತದಾ, ತಮ್ಮ ತಂಡ ಪದಕ ಗೆಲ್ಲುತ್ತದಾ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಎರಡನೆಯದು: ಮೈದಾನ ಈಗಾಗಲೇ ಇದೆಯಾ?

ಇದನ್ನು ನಾನು ಪುಸ್ತಕ ನೋಡಿ ಕಲಿತಿಲ್ಲ, ಟೇಪು ಹಿಡಿದು ಕಲಿತೆ. ಒಂದು ವರ್ಷ ಅಂತರ ಕಾಲೇಜು ಕ್ರೀಡಾಕೂಟದಲ್ಲಿ ಬೇಸ್‌ಬಾಲ್ ಸೇರಿಸಲು ಸಂಘಟಕರನ್ನು ಒಪ್ಪಿಸಿದ್ದೆವು. ಸಿಕ್ಕಿದ್ದು ಫುಟ್‌ಬಾಲ್ ಮೈದಾನ. ಬೆಳಗಿನ ಜಾವ ನಾವು ನಾಲ್ಕು ಜನ ಸುಣ್ಣ, ಗೂಟ, ಹಗ್ಗ ಹಿಡಿದು ಹೋದೆವು.

ಡೈಮಂಡ್, ಅಂದರೆ ಓಡುವವರು ಮುಟ್ಟಬೇಕಾದ ನಾಲ್ಕು ಬೇಸ್‌ಗಳ ಚೌಕ, ಗುರುತು ಹಾಕುವುದು ಸುಲಭ. ಒಂದು ಮೂಲೆಯಲ್ಲಿ ಹೋಮ್ ಪ್ಲೇಟ್ ಇಡಿ, ಬ್ಯಾಟ್ ಮಾಡುವವರು ನಿಲ್ಲುವುದು ಅದರ ಪಕ್ಕದಲ್ಲಿ. ಅದರ ಚೂಪು ತುದಿಯಿಂದ ಮೈದಾನದ ಒಳಕ್ಕೆ ಸುಮಾರು 38.8 ಮೀಟರ್ ಹಗ್ಗ ಎಳೆದು ಗೂಟ ಹೊಡೆಯಿರಿ, ಅದು ಸೆಕೆಂಡ್ ಬೇಸ್. ಈಗ ಹೋಮ್‌ನಿಂದ ಒಂದು ಟೇಪು, ಸೆಕೆಂಡ್ ಬೇಸ್‌ನಿಂದ ಇನ್ನೊಂದು ಟೇಪು, ಎರಡನ್ನೂ 27.43 ಮೀಟರಿಗೆ ಹಿಡಿದು ಬಲಗಡೆಗೆ ಎಳೆಯಿರಿ. ಎರಡೂ ಸೇರುವ ಜಾಗ ಫಸ್ಟ್ ಬೇಸ್. ಎಡಗಡೆಗೆ ಎಳೆದರೆ ಥರ್ಡ್ ಬೇಸ್. ನಡುವಿನ ಹಗ್ಗದ ಮೇಲೆ ಹೋಮ್‌ನಿಂದ 18.44 ಮೀಟರಿಗೆ ಪಿಚರ್, ಅಂದರೆ ಚೆಂಡು ಎಸೆಯುವವನು, ನಿಲ್ಲುವ ಪಟ್ಟಿ. ಅಲ್ಲಿ ಮಣ್ಣು ಹಾಕಿ 25 ಸೆಂಟಿಮೀಟರ್ ಎತ್ತರದ ದಿಬ್ಬ ಮಾಡಬೇಕು. ಅರ್ಧ ಗಂಟೆಯ ಕೆಲಸ, ದಿಬ್ಬಕ್ಕೆ ಮಾತ್ರ ಜಾಸ್ತಿ ಹೊತ್ತು.

ಕಷ್ಟ ಶುರುವಾಗುವುದು ಬೇಸ್‌ಗಳ ಆಚೆ. ದೊಡ್ಡ ಆಟಕ್ಕೆ ಹೋಮ್ ಪ್ಲೇಟ್‌ನಿಂದ ಎರಡೂ ಪಕ್ಕದ ಗೆರೆಗಳು ನೂರು ಮೀಟರ್ ಹತ್ತಿರ ಓಡಬೇಕು, ನಡುವಿನಲ್ಲಿ 120 ಮೀಟರ್ ಜಾಗ ಬೇಕು. ಬೀಸಣಿಗೆ ಬಿಚ್ಚಿಟ್ಟ ಹಾಗೆ. ಫುಟ್‌ಬಾಲ್ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಉದ್ದದ ಕಡೆ ಹೇಗೋ ಕುಳಿತುಕೊಂಡಿತು. ಅಗಲದ ಕಡೆ ನಮ್ಮ ಗೆರೆ 68 ಮೀಟರಿಗೇ ಮುಗಿಯಿತು, ಅದರಾಚೆ ಲಾಂಗ್ ಜಂಪ್ ಅಂಕಣ. ಎರಡನೇ ಇನ್ನಿಂಗ್ಸ್‌ನಲ್ಲಿ ಎಡಗೈ ಹುಡುಗನೊಬ್ಬ ಹೊಡೆದ ಚೆಂಡು ಒಂದು ಪುಟ ಬಿದ್ದು ನೇರ ಅಲ್ಲಿಗೆ ಹೋಯಿತು. ಓಡಲು ಸಿದ್ಧವಾಗಿ ನಿಂತಿದ್ದ ಹುಡುಗಿಯ ಕಾಲಿನ ಪಕ್ಕದಲ್ಲೇ ಹಾಯಿತು. ಯಾರಿಗೂ ಏಟಾಗಲಿಲ್ಲ. ಆದರೆ ಪಂದ್ಯ ನಿಂತಿತು. ಸಂಜೆಗೆ ಫುಟ್‌ಬಾಲ್‌ನವರು ಬಂದು ದಿಬ್ಬ ತೆಗೆಯಿರಿ ಅಂದರು, ನಾವೇ ಸಲಿಕೆ ಹಿಡಿದು ಮಟ್ಟ ಮಾಡಿದೆವು. ಮರುವರ್ಷದ ಸುತ್ತೋಲೆಯಲ್ಲಿ ಬೇಸ್‌ಬಾಲ್ ಇರಲಿಲ್ಲ.

ಆಗ ನನಗೆ ತುಂಬಾ ಕೋಪ ಬಂದಿತ್ತು. ಈಗ ಅನ್ನಿಸುತ್ತದೆ, ಸಂಘಟಕರು ಒಂದು ಲೆಕ್ಕ ಹಾಕಿದರು, ಅಷ್ಟೇ. ಹ್ಯಾಂಡ್‌ಬಾಲ್ ಆಡಿದ ಅಂಗಣದಲ್ಲಿ ಮರುದಿನ ವಾಲಿಬಾಲ್ ಆಡಿಸಬಹುದು. ಬೇಸ್‌ಬಾಲ್ ಮೈದಾನ ಬೇರೆ ಯಾರಿಗೂ ಸುಲಭಕ್ಕೆ ಒಗ್ಗುವುದಿಲ್ಲ, ಬೇರೆಯವರ ಮೈದಾನ ಬೇಸ್‌ಬಾಲ್‌ಗೂ ಒಗ್ಗುವುದಿಲ್ಲ. ಒಲಿಂಪಿಕ್ಸ್‌ನಲ್ಲೂ ಇದೇ ಲೆಕ್ಕ, ಸೊನ್ನೆಗಳು ಜಾಸ್ತಿ. ಅಥೆನ್ಸ್‌ನಲ್ಲಿ ಹಳೆಯ ವಿಮಾನ ನಿಲ್ದಾಣದ ಜಾಗದಲ್ಲಿ ಹೊಸದಾಗಿ ಮೈದಾನ ಕಟ್ಟಿದರು, ಕೂಟ ಮುಗಿದ ಮೇಲೆ ಅಲ್ಲಿ ಕಳೆ ಬೆಳೆಯಿತು. ಬೀಜಿಂಗ್‌ನ ವೂಕೆಸೋಂಗ್‌ನಲ್ಲಿ ಕಟ್ಟಿದ್ದನ್ನು ಕೂಟ ಮುಗಿದ ಮೇಲೆ ಕೆಡವಿದರು. ಟೋಕಿಯೊಗೆ ಆ ತಲೆನೋವು ಇರಲಿಲ್ಲ. ಯೊಕೊಹಾಮಾ ಸ್ಟೇಡಿಯಂನಲ್ಲಿ ವೃತ್ತಿಪರ ತಂಡವೊಂದು ವರ್ಷವಿಡೀ ಆಡುತ್ತಿತ್ತು. ಲಾಸ್ ಏಂಜಲೀಸ್‌ನಲ್ಲಿ 1962ರಿಂದಲೇ ಡಾಡ್ಜರ್ ಸ್ಟೇಡಿಯಂ ಇದೆ. ಇನ್ನೂ ಒಂದು ವಿಷಯ ಗಮನಿಸಿ: 2028ರ ಸಾಫ್ಟ್‌ಬಾಲ್ ನಡೆಯುವುದು ಲಾಸ್ ಏಂಜಲೀಸ್‌ನಲ್ಲಲ್ಲ, ಹತ್ತಿರ ಹತ್ತಿರ 2,000 ಕಿಲೋಮೀಟರ್ ದೂರದ ಓಕ್ಲಹೋಮ ಸಿಟಿಯಲ್ಲಿ. ಯಾಕೆಂದರೆ ಒಳ್ಳೆಯ ಸಾಫ್ಟ್‌ಬಾಲ್ ಸ್ಟೇಡಿಯಂ ಅಲ್ಲಿದೆ. ಹೊಸದು ಕಟ್ಟುವುದಕ್ಕಿಂತ ಆಟಗಾರ್ತಿಯರನ್ನೇ ಅಲ್ಲಿಗೆ ಕಳಿಸುವುದು ಮೇಲು ಅಂತ ಲೆಕ್ಕ.

ಮೈದಾನ ಇಲ್ಲದಿದ್ದರೆ ಆಗುವುದೇ ಇಲ್ಲ ಅಂತಲೂ ಅಲ್ಲ. 2014ರಲ್ಲಿ ಅಮೆರಿಕದ ದೊಡ್ಡ ವೃತ್ತಿಪರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ತನ್ನ ಋತುವಿನ ಮೊದಲ ಪಂದ್ಯಗಳನ್ನು ಸಿಡ್ನಿಯ ಕ್ರಿಕೆಟ್ ಮೈದಾನದಲ್ಲಿ ಆಡಿಸಿತು. 2019ರಲ್ಲಿ ಲಂಡನ್‌ನ ಒಲಿಂಪಿಕ್ ಸ್ಟೇಡಿಯಂ ಅನ್ನೇ ಬೇಸ್‌ಬಾಲ್‌ಗೆ ಹೊಂದಿಸಿ ಅದೇ ಲೀಗ್‌ನ ಯಾಂಕೀಸ್ ಮತ್ತು ರೆಡ್ ಸಾಕ್ಸ್ ತಂಡಗಳು ಆಡಿದವು. 2012ರಲ್ಲಿ ಬೇಸ್‌ಬಾಲ್‌ಗೆ ಜಾಗವೇ ಇರದಿದ್ದ ಅದೇ ಒಲಿಂಪಿಕ್ಸ್‌ನ ಸ್ಟೇಡಿಯಂ! ದುಡ್ಡು ಹಾಕುವವರಿದ್ದರೆ ದಾರಿ ಇದೆ. ಹಾಗಾಗಿ ಹಾಳೆಯಲ್ಲಿ ಈ ಸಾಲಿನ ಎದುರು "ಇದೆ", "ಇಲ್ಲ" ಜೊತೆಗೆ "ಯಾರ ದುಡ್ಡು?" ಅಂತಲೂ ಬರೆಯಿರಿ.

ಮೂರನೆಯದು: ತಾರೆಯರು ಬಿಡುವಾಗಿದ್ದಾರಾ?

ಬೇಸಿಗೆ ಒಲಿಂಪಿಕ್ಸ್ ನಡೆಯುವುದು ಜುಲೈ, ಆಗಸ್ಟ್‌ನಲ್ಲಿ. ಮೇಜರ್ ಲೀಗ್ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ನಡೆಯುತ್ತದೆ. 30 ತಂಡಗಳು, ಪ್ರತಿ ತಂಡಕ್ಕೆ 162 ಪಂದ್ಯ. ಹೆಚ್ಚುಕಮ್ಮಿ ದಿನಾ ಆಟ. ಮಧ್ಯದಲ್ಲಿ ಎರಡು ವಾರ ನಿಲ್ಲಿಸಿದರೆ ಟಿಕೆಟ್, ಟಿವಿ, ಒಪ್ಪಂದ ಎಲ್ಲವೂ ಅಲುಗಾಡುತ್ತವೆ. ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎಗೆ ಆ ತಿಂಗಳು ರಜೆ, ಅದು ಅವರ ಅದೃಷ್ಟ.

ದಿನಗಳ ಲೆಕ್ಕ ಮಾತ್ರ ಅಲ್ಲ. ಪಿಚರ್ ತೋಳಿನ ಲೆಕ್ಕವೂ ಇದೆ. ಮೇಜರ್ ಲೀಗ್‌ನಲ್ಲಿ ಪಂದ್ಯ ಶುರು ಮಾಡುವ ಪಿಚರ್ ಸಾಮಾನ್ಯವಾಗಿ ಐದು ದಿನಕ್ಕೊಮ್ಮೆ ಎಸೆಯುತ್ತಾನೆ, ನೂರು ಎಸೆತದ ಆಸುಪಾಸು ಅವನನ್ನು ತೆಗೆಯುತ್ತಾರೆ. ಕೋಟಿಗಟ್ಟಲೆ ಹಣ ಕೊಟ್ಟ ತಂಡದವರು ಆ ತೋಳನ್ನು ಬೇರೆಯವರ ಕೋಚ್ ಕೈಗೆ ಕೊಡಲು ಹೆದರುತ್ತಾರೆ. ಕ್ಯಾಚರ್ ಆಗಿದ್ದ ನನಗೆ ಆ ಹೆದರಿಕೆ ಅರ್ಥವಾಗುತ್ತದೆ. ದಣಿದ ತೋಳಿನಿಂದ ಬರುವ ಚೆಂಡು ಗ್ಲೌಸ್‌ಗೆ ಬೀಳುವ ಸದ್ದೇ ಬೇರೆ.

ಪರಿಣಾಮ ಏನು? ಟೋಕಿಯೊದಲ್ಲಿ ಮೇಜರ್ ಲೀಗ್ ತಂಡಗಳ 40 ಜನರ ಮುಖ್ಯ ಪಟ್ಟಿಯಲ್ಲಿದ್ದ ಯಾರೂ ಆಡಲಿಲ್ಲ. ಮೇಜರ್ ಲೀಗ್‌ನಲ್ಲಿ ಆಡುವ ಜಪಾನಿನ ತಾರೆ ಶೊಹೇ ಒಟಾನಿ ತನ್ನದೇ ದೇಶದ ಒಲಿಂಪಿಕ್ಸ್‌ನಲ್ಲಿ ಇರಲಿಲ್ಲ. ಅದೇ ಒಟಾನಿ ದೇಶಗಳ ತಂಡಗಳು ಆಡುವ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನ 2023ರ ಫೈನಲ್‌ನ ಕೊನೆಯ ಎಸೆತದಲ್ಲಿ ಅಮೆರಿಕದ ಮೈಕ್ ಟ್ರೌಟ್‌ನನ್ನು ಔಟ್ ಮಾಡಿ ಜಪಾನ್‌ಗೆ ಕಪ್ ಗೆದ್ದುಕೊಟ್ಟ. ಯಾಕೆ ಆಗ ಆಡಿದ? ಆ ಟೂರ್ನಿ ನಡೆಯುವುದು ಮಾರ್ಚ್‌ನಲ್ಲಿ, ಲೀಗ್ ಶುರುವಾಗುವ ಮುಂಚೆ. ಅದರಲ್ಲಿ ಮೇಜರ್ ಲೀಗ್‌ನ ಪಾಲೂ ಇದೆ.

ನಿಲ್ಲಿಸಲು ಮನಸ್ಸಿದ್ದವರು ನಿಲ್ಲಿಸಿದ್ದಾರೆ. ಜಪಾನಿನ ಲೀಗ್ ಟೋಕಿಯೊಗಾಗಿ ಬಿಡುವು ಕೊಟ್ಟಿತು, ಜಪಾನ್ ಫೈನಲ್‌ನಲ್ಲಿ ಅಮೆರಿಕವನ್ನು 2-0 ಸೋಲಿಸಿತು. ಕೊರಿಯದ ಲೀಗ್ 2008ರಲ್ಲಿ ನಿಂತಿತು, ಕೊರಿಯ ಒಂಬತ್ತಕ್ಕೆ ಒಂಬತ್ತೂ ಗೆದ್ದು ಚಿನ್ನ ತಂದಿತು. ಐಸ್ ಹಾಕಿಯ ಎನ್‌ಎಚ್‌ಎಲ್ ಕೂಡ 1998ರಿಂದ 2014ರವರೆಗೆ ಐದು ಚಳಿಗಾಲದ ಒಲಿಂಪಿಕ್ಸ್‌ಗೆ ಬಾಗಿಲು ಮುಚ್ಚಿ ಆಟಗಾರರನ್ನು ಕಳಿಸಿತ್ತು. 2028ಕ್ಕೆ ಮೇಜರ್ ಲೀಗ್ ತನ್ನ ಜುಲೈ ತಿಂಗಳ ಆಲ್ ಸ್ಟಾರ್ ಬಿಡುವನ್ನೇ (ತಾರೆಯರ ಪ್ರದರ್ಶನ ಪಂದ್ಯಕ್ಕಾಗಿ ಲೀಗ್ ನಿಲ್ಲುವ ದಿನಗಳು) ಉದ್ದ ಮಾಡುವ ಮಾತಾಡಿದೆ. ಆತಿಥೇಯ ನಗರ ತಮ್ಮ ಊರೇ ಆದಾಗ ಬರುವ ಮನಸ್ಸು ಅದು.

ನಾಲ್ಕನೆಯದು: ತಲೆ ಲೆಕ್ಕ

ಇದು ಸಣ್ಣದು, ಆದರೆ ಹಾಳೆಯಲ್ಲಿ ಬರೆದು ನೋಡಿದಾಗಲೇ ಮನಸ್ಸಿಗೆ ನಾಟುತ್ತದೆ. ಬೇಸಿಗೆ ಒಲಿಂಪಿಕ್ಸ್‌ಗೆ ಕ್ರೀಡಾಪಟುಗಳ ಮಿತಿ ಅಂತ ಇಟ್ಟುಕೊಂಡಿರುವುದು 10,500. ಟೋಕಿಯೊ ಬೇಸ್‌ಬಾಲ್‌ನಲ್ಲಿ ಆರು ತಂಡ, ತಂಡಕ್ಕೆ 24 ಜನ, ಒಟ್ಟು 144. ಸಾಫ್ಟ್‌ಬಾಲ್‌ನಲ್ಲಿ ಆರು ತಂಡ, 15 ಜನ, ಒಟ್ಟು 90. ಸೇರಿಸಿದರೆ 234 ಜನಕ್ಕೆ ಎರಡು ಚಿನ್ನ. ಸ್ಕೇಟ್‌ಬೋರ್ಡಿಂಗ್‌ನಲ್ಲಿ 80 ಜನಕ್ಕೆ ನಾಲ್ಕು ಚಿನ್ನ. ಸಂಘಟಕರ ಕುರ್ಚಿಯಲ್ಲಿ ಕುಳಿತು ನೋಡಿ, ಹಾಸಿಗೆ, ಊಟ, ಬಸ್ಸು ಎಲ್ಲ ತಲೆಗೆ ಇಷ್ಟು ಅಂತ ಲೆಕ್ಕ. ಯಾವುದು ಹಗುರ ಅಂತ ಗೊತ್ತಾಗುತ್ತದೆ, ಅಲ್ವಾ? ತಂಡಗಳನ್ನು ಎಂಟರಿಂದ ಆರಕ್ಕೆ ಇಳಿಸಿದ್ದರ ಹಿಂದೆಯೂ ಈ ಲೆಕ್ಕವೇ ಇದೆ. ತಂಡ ಕಡಿಮೆಯಾದರೆ ಹೊಸ ದೇಶಗಳಿಗೆ ಜಾಗ ಸಿಗುವುದಿಲ್ಲ. ಆಮೇಲೆ "ಕೆಲವೇ ದೇಶಗಳು ಆಡುತ್ತವೆ" ಅನ್ನುವ ದೂರು ಇನ್ನೂ ಗಟ್ಟಿಯಾಗುತ್ತದೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಐದನೆಯದು: ಕೈ ಎತ್ತುವವರು ಯಾರು?

2005ರ ಜುಲೈ 8, ಸಿಂಗಪುರ. ಒಲಿಂಪಿಕ್ ಸಮಿತಿ ಆಗ ಇದ್ದ 28 ಆಟಗಳನ್ನು ಒಂದೊಂದಾಗಿ ಗುಪ್ತ ಮತಕ್ಕೆ ಹಾಕಿತು. 26 ಉಳಿದವು. ಬೇಸ್‌ಬಾಲ್ ಪರ 50, ವಿರುದ್ಧ 54. ಸಾಫ್ಟ್‌ಬಾಲ್ ಪರ 52, ವಿರುದ್ಧ 52, ಒಬ್ಬರು ಯಾರ ಕಡೆಗೂ ಇಲ್ಲ. ಉಳಿಯಲು ಅರ್ಧಕ್ಕಿಂತ ಹೆಚ್ಚು ಬೇಕಿತ್ತು. 1936ರ ನಂತರ ಪೋಲೊ ಹೋಗಿತ್ತು, ಆಮೇಲೆ ಒಲಿಂಪಿಕ್ಸ್‌ನಿಂದ ಆಟ ತೆಗೆದದ್ದು ಇದೇ ಮೊದಲು.

ಆ ದಿನ ನಾವು ಅಭ್ಯಾಸ ಮುಗಿಸಿ ಗ್ಲೌಸ್‌ಗೆ ಎಣ್ಣೆ ಹಚ್ಚುತ್ತಾ ಕುಳಿತಿದ್ದೆವು. ಗೆಳತಿಯೊಬ್ಬಳು ಬಂದು ವಿಷಯ ಹೇಳಿದಳು. ಬೇಸ್‌ಬಾಲ್‌ನ ಮೇಲೆ ದೂರುಗಳಿದ್ದವು, ಒಪ್ಪುತ್ತೇನೆ. ತಾರೆಯರು ಬರುವುದಿಲ್ಲ. ಮೇಲಾಗಿ ನಿಷೇಧಿತ ಶಕ್ತಿವರ್ಧಕ ಮದ್ದಿನ ವಿಷಯ: ಆ ವರ್ಷ ಮೇಜರ್ ಲೀಗ್‌ನಲ್ಲಿ ಮೊದಲ ಸಲ ಸಿಕ್ಕಿಬಿದ್ದವನಿಗೆ ಹತ್ತು ದಿನ ಅಮಾನತು, ಒಲಿಂಪಿಕ್ ನಿಯಮದಲ್ಲಿ ಎರಡು ವರ್ಷ. ಆದರೆ ಸಾಫ್ಟ್‌ಬಾಲ್ ಏನು ಮಾಡಿತ್ತು? ಅದರ ಅತ್ಯುತ್ತಮ ಆಟಗಾರ್ತಿಯರು ಪ್ರತಿ ಒಲಿಂಪಿಕ್ಸ್‌ಗೂ ಬರುತ್ತಿದ್ದರು. ಅಮೆರಿಕ ತುಂಬಾ ಬಲವಾಗಿತ್ತು, ನಿಜ. ಅಥೆನ್ಸ್‌ನಲ್ಲಿ 51 ರನ್ ಹೊಡೆದು ಒಂದೇ ಒಂದು ರನ್ ಬಿಟ್ಟುಕೊಟ್ಟಿತ್ತು. ಅಷ್ಟಕ್ಕೆ ಇಡೀ ಆಟವನ್ನೇ ತೆಗೆಯಬೇಕಾ? ಎಷ್ಟೋ ಜನ ಮತದಾರರು ಇದನ್ನು ಹೆಂಗಸರ ಬೇಸ್‌ಬಾಲ್ ಅಂತಲೇ ನೋಡಿದರು ಅನ್ನುವುದು ಸಾಫ್ಟ್‌ಬಾಲ್‌ನವರ ಕೊರಗು. ನನ್ನದೂ ಅದೇ.

ಸಮಿತಿಯಲ್ಲಿ ಯುರೋಪಿನವರ ಪಾಲು ದೊಡ್ಡದು. ತಮ್ಮ ದೇಶದಲ್ಲಿ ಯಾರೂ ಆಡದ ಆಟಕ್ಕೆ ಕೈ ಎತ್ತುವುದು ಕಷ್ಟ. ಯುರೋಪಿಗೆ ಪದಕ ಇಲ್ಲ ಅಂದೆನಲ್ಲ, ಆ ಪೆಟ್ಟು ಬೀಳುವುದು ಇಲ್ಲಿ. 2013ರಲ್ಲಿ ಎರಡೂ ಆಟಗಳು ಒಂದೇ ಸಂಸ್ಥೆಯಡಿ ಸೇರಿ ಮತ್ತೆ ಬಾಗಿಲು ತಟ್ಟಿದವು. ಇದ್ದ ಒಂದೇ ಜಾಗಕ್ಕೆ ಮೂರು ಆಟಗಳ ಪೈಪೋಟಿ: ಕುಸ್ತಿಗೆ 49 ಮತ ಬಂತು, ಬೇಸ್‌ಬಾಲ್-ಸಾಫ್ಟ್‌ಬಾಲ್‌ಗೆ 24, ಸ್ಕ್ವಾಷ್‌ಗೆ 22.

ಯುಕಿಕೊ ಉಯೆನೊ ಅಂತ ಜಪಾನಿನ ಪಿಚರ್. 2008ರ ಬೀಜಿಂಗ್‌ನಲ್ಲಿ ಎರಡು ದಿನದಲ್ಲಿ ಮೂರು ಪಂದ್ಯ, 413 ಎಸೆತ. ಸಾಫ್ಟ್‌ಬಾಲ್‌ನಲ್ಲಿ ಕೈ ಕೆಳಗಿನಿಂದ ಬೀಸಿ ಎಸೆಯುವುದರಿಂದ ಇಷ್ಟಾದರೂ ಸಾಧ್ಯ. ಫೈನಲ್‌ನಲ್ಲಿ ಅಮೆರಿಕವನ್ನು ಸೋಲಿಸಿ ಚಿನ್ನ ಗೆದ್ದರು. ಆಮೇಲೆ ಅವರ ಆಟಕ್ಕೆ ಒಲಿಂಪಿಕ್ಸ್ ಸಿಕ್ಕಿದ್ದು 13 ವರ್ಷ ಬಿಟ್ಟು. ಅಷ್ಟು ಹೊತ್ತಿಗೆ ಅವರಿಗೆ 39 ವಯಸ್ಸು. ಫೈನಲ್‌ನ ಕೊನೆಯ ಇನ್ನಿಂಗ್ಸ್‌ನಲ್ಲಿ ಚೆಂಡು ಮತ್ತೆ ಅವರ ಕೈಗೇ ಬಂತು, ಮತ್ತೆ ಅಮೆರಿಕದ ಎದುರು ಗೆದ್ದರು. ಅವರಂತೆ ಕಾಯಲು ಆಗದೆ ಆಟ ಬಿಟ್ಟ ಹುಡುಗಿಯರನ್ನು ನಾನು ನೋಡಿದ್ದೇನೆ.

ಬೇರೆ ಕೂಟಗಳಿಗೆ ಇದೇ ಹಾಳೆ

ಏಷ್ಯನ್ ಗೇಮ್ಸ್‌ಗೆ ಹಾಕಿ ನೋಡಿದರೆ ಮೊದಲ ಪ್ರಶ್ನೆ ಸ್ವಲ್ಪ ತಪ್ಪುತ್ತದೆ. 2006ರ ದೋಹಾದಲ್ಲೂ, 2018ರ ಜಕಾರ್ತದಲ್ಲೂ ಬೇಸ್‌ಬಾಲ್ ಇತ್ತು. ಆತಿಥೇಯರಿಗೆ ಆ ಆಟ ದೊಡ್ಡದಲ್ಲ. ಅಲ್ಲಿ ಐದನೇ ಪ್ರಶ್ನೆ ಕೆಲಸ ಮಾಡುತ್ತದೆ: ಜಪಾನ್, ಕೊರಿಯ, ತೈವಾನ್ ಮೂವರೂ ಮೇಜಿನ ಸುತ್ತ ಕುಳಿತಿದ್ದಾರೆ. ಕೊರಿಯದ ಆಟಗಾರರಿಗೆ ಅಲ್ಲಿ ಚಿನ್ನ ಗೆದ್ದರೆ ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿ ಸಿಗುತ್ತದೆ, ಹಾಗಾಗಿ 2014, 2018ರಲ್ಲಿ ಅವರ ಲೀಗೇ ನಿಂತಿತು. ಪ್ಯಾನ್ ಅಮೆರಿಕನ್ ಗೇಮ್ಸ್‌ನಲ್ಲಿ 1951ರ ಮೊದಲ ಕೂಟದಿಂದಲೂ ಬೇಸ್‌ಬಾಲ್ ಇದೆ, ಕೇಳುವುದೇ ಬೇಡ.

ಕಾಮನ್‌ವೆಲ್ತ್ ಗೇಮ್ಸ್? ಜಪಾನ್ ಇಲ್ಲ, ಕ್ಯೂಬಾ ಇಲ್ಲ, ಅಮೆರಿಕ ಇಲ್ಲ. ಬ್ಯಾಟ್ ಹಿಡಿಯುವ ಆಟ ಅಂದರೆ ಅಲ್ಲಿ ಕ್ರಿಕೆಟ್. 2026ರ ಗ್ಲಾಸ್ಗೊದಲ್ಲಿ ಹತ್ತೇ ಆಟ, ಹಾಕಿ, ಬ್ಯಾಡ್ಮಿಂಟನ್, ಕುಸ್ತಿಗೇ ಜಾಗವಿಲ್ಲ. ಎರಡು ನಿಮಿಷದಲ್ಲಿ ಹಾಳೆ ಮಡಚಬಹುದು.

2026ರ ಡಕಾರ್ ಯೂತ್ ಒಲಿಂಪಿಕ್ಸ್‌ಗೆ ಲೆಕ್ಕ ಹಾಕಿದರೆ ಬೇಸ್‌ಬಾಲ್ ಎಲ್ಲ ಪ್ರಶ್ನೆಯಲ್ಲೂ ಬೀಳುತ್ತದೆ. ಅಲ್ಲಿಗೆ ಆರಿಸಿರುವುದು ಬೇಸ್‌ಬಾಲ್5. ಬ್ಯಾಟ್ ಇಲ್ಲ, ಗ್ಲೌಸ್ ಇಲ್ಲ, ದಿಬ್ಬ ಇಲ್ಲ. ರಬ್ಬರ್ ಚೆಂಡನ್ನು ಅಂಗೈಯಿಂದಲೇ ಹೊಡೆಯುವುದು, ಒಂದು ಕಡೆಗೆ ಐದು ಜನ, ಹುಡುಗರು ಹುಡುಗಿಯರು ಒಂದೇ ತಂಡದಲ್ಲಿ. ಬೇಸ್‌ನಿಂದ ಬೇಸ್‌ಗೆ 13 ಮೀಟರ್. ನನ್ನ ಮಕ್ಕಳಿಗೆ ಇದನ್ನು ಹೇಳಿಕೊಟ್ಟ ದಿನ ಲಾಂಗ್ ಜಂಪ್‌ನವರು ಪಕ್ಕದಲ್ಲೇ ಆರಾಮಾಗಿ ಹಾರುತ್ತಿದ್ದರು.

ಈಗ ಹಾಳೆಯ ಹಿಂಬದಿಯಲ್ಲಿ 2032 ಬ್ರಿಸ್ಬೇನ್ ಅಂತ ಬರೆಯಿರಿ. ಆತಿಥೇಯರು: ಆಸ್ಟ್ರೇಲಿಯಾ, 2004ರ ಬೇಸ್‌ಬಾಲ್ ಬೆಳ್ಳಿ ಅವರದು, ಸಾಫ್ಟ್‌ಬಾಲ್‌ನಲ್ಲಿ 1996ರಿಂದ 2008ರವರೆಗೆ ನಾಲ್ಕೂ ಸಲ ಪದಕ. ಟಿಕ್. ಮೈದಾನ: ದೊಡ್ಡ ಕ್ರಿಕೆಟ್ ಮೈದಾನಗಳಿವೆ, ಸಿಡ್ನಿಯಲ್ಲಿ ಹೊಂದಿಸಿ ತೋರಿಸಿದ್ದಾರೆ. ಅರ್ಧ ಟಿಕ್. ತಾರೆಯರು: ಜುಲೈ ಕೊನೆ, ಮೇಜರ್ ಲೀಗ್ ಭರದಲ್ಲಿರುತ್ತದೆ, ಊರೂ ಅವರದಲ್ಲ. ಲಾಸ್ ಏಂಜಲೀಸ್‌ನಲ್ಲಿ ಅವರು ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡಿ ಈ ಸಾಲು ತುಂಬಿ. ತಲೆ ಲೆಕ್ಕ: ಇಂಟು. ಕೈ ಎತ್ತುವವರು: ಆತಿಥೇಯರು ಗಟ್ಟಿಯಾಗಿ ಕೇಳಿದರೆ ಸಮಿತಿ ಇತ್ತೀಚೆಗೆ ಇಲ್ಲ ಅಂದದ್ದು ಕಡಿಮೆ. ನನ್ನ ಹಾಳೆಯಲ್ಲಿ ಸಾಫ್ಟ್‌ಬಾಲ್‌ನ ಟಿಕ್‌ಗಳು ಬೇಸ್‌ಬಾಲ್‌ಗಿಂತ ಒಂದು ಜಾಸ್ತಿ ಇವೆ. ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.